ಬದುಕಿದ್ದವನಿಗೆ ಬೇಯಿಸಿದ ಗೋಧಿ

ನನ್ನ ಅಣ್ಣ ಮೆತೋದಿ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಕ್ಟೋಬರಿನ ಒಂದು ಶನಿವಾರ ನಮ್ಮ ಬೀದಿಗೆ ಬಂದ ಅರ್ಧ ಸೋಫಿಯಾ ನಗರವೇ ಅವನ ಪಾಪಗಳನ್ನು ದೇವರು ಕ್ಷಮಿಸಲಿ ಎಂದು ಬೇಡಿಕೊಂಡು ಹೋಯಿತು. ಆ ಹೊತ್ತಿಗೆ ಪಾಪಿ ಪಕ್ಕದಲ್ಲೇ ನಿಂತು ಕುತ್ತಿಗೆಯ ಶಾಲು ಸರಿಮಾಡಿಕೊಳ್ಳುತ್ತಿದ್ದ.

ನಾನು ಗಿನ್ಕಾ, ಅವನ ತಂಗಿ. ಬಣ್ಣಗಾರರ ಬೀದಿಯ ಒಂದು ಹಳೆಯ ಮನೆಯ ನೆಲಮಾಳಿಗೆಯಲ್ಲಿ ನನ್ನ ಅಂಗಡಿ. ಅದರ ಕಿಟಕಿ ರಸ್ತೆಯ ಮಟ್ಟಕ್ಕಿದೆ. ಸಿಗರೇಟೋ, ಬಿಯರೋ, ಸೂರ್ಯಕಾಂತಿ ಬೀಜವೋ ಬೇಕಾದವರು ಕಲ್ಲುಹಾಸಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಬೇಕು. ನನಗೆ ಮೊದಲು ಕಾಣುವುದು ಜನರ ಬೂಟು, ಆಮೇಲೆ ಮೊಣಕಾಲು. ಅಷ್ಟರಲ್ಲೇ ಅವರ ಯೋಗ್ಯತೆ ತಿಳಿದುಹೋಗಿರುತ್ತದೆ, ಮುಖ ಬರುವ ಹೊತ್ತಿಗೆ ನನಗೆ ಕುತೂಹಲ ಉಳಿದಿರುವುದಿಲ್ಲ. ಮೊದಲು ಈ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವರು, ಚಪ್ಪಲಿ ಹೊಲಿಯುವವರು, ಬೀಗದ ಕೈ ಮಾಡುವವರು ಇದ್ದರು. ಅವರ ಬೂಟಿಗೆ ಬಣ್ಣವೋ ಅಂಟೋ ಮೆತ್ತಿರುತ್ತಿತ್ತು. ಈಗ ಇದು ಕಲಾಬೀದಿ. ಕಲಾವಿದರು ಬಂದರು ಅಂದರೆ ಸುಳ್ಳಾದೀತು. ಕಲಾವಿದರ ಹಾಗೆ ಕಾಣುವವರು ಬಂದರು. ಇವರ ಬೂಟಿಗೂ ಬಣ್ಣ ಮೆತ್ತಿರುತ್ತದೆ, ಆದರೆ ಅದನ್ನು ಅಂಗಡಿಯವನೇ ಮೆತ್ತಿ ಮಾರಿರುತ್ತಾನೆ.

ಮೆತೋದಿ ನನಗಿಂತ ದೊಡ್ಡವನು, ವಯಸ್ಸಿನಲ್ಲಿ. ನಮ್ಮಪ್ಪ ಮನೆಮನೆಗೆ ಹೋಗಿ ಒಲೆ ಕೂರಿಸುತ್ತಿದ್ದವನು. ಮಗ ಕೈಗೆ ಮಸಿ ಹತ್ತಿಸಿಕೊಳ್ಳುವ ಪೈಕಿಯಲ್ಲ ಎಂದು ಗೊತ್ತಾದಾಗ ಯಾರದೋ ಕೈಕಾಲು ಹಿಡಿದು ಟ್ರಾಮ್ ಡಿಪೋದ ಉಗ್ರಾಣಕ್ಕೆ ಸೇರಿಸಿದ. ಅಣ್ಣ ಅಲ್ಲಿ ಬದುಕಿಡೀ ಬಲ್ಬು, ಬೋಲ್ಟು, ಗ್ರೀಸಿನ ಡಬ್ಬ ಎತ್ತಿಕೊಟ್ಟ. ಎತ್ತಿಕೊಟ್ಟ ಅಂದರೂ ಹೆಚ್ಚಾಯಿತು. ಸಾಮಾನು ಎಲ್ಲಿದೆ ಎಂದು ಗದ್ದದಿಂದ ತೋರಿಸುತ್ತಿದ್ದ, ಬೇಕಾದವರೇ ಒಳಗೆ ಹೋಗಿ ತಂದುಕೊಳ್ಳುತ್ತಿದ್ದರು. ಹೆಂಡತಿ ಸ್ತಾಂಕಾ ಬಹಳ ಒಳ್ಳೆಯವಳು, ಅಂದರೆ ಬಹಳ ತಡವಾಗಿ ಬಿಟ್ಟುಹೋದಳು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರವನ್ನು ಟ್ಯಾಕ್ಸಿಯಲ್ಲಿಟ್ಟುಕೊಂಡು ವಾರ್ನಾ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೊರಟಳು. ಅವಳು ಹೋದದ್ದು ಅಣ್ಣನಿಗೆ ತಿಳಿದದ್ದು ಊಟದ ಹೊತ್ತಿಗೆ ಸೂಪು ಬಾರದೇ ಹೋದಾಗ.

ನಿವೃತ್ತನಾದ ಮೇಲೆ ಕಲಾವಿದನಾದ. ಚಿತ್ರ ಬರೆದನೇ ಅಂದರೆ ಇಲ್ಲ. ಕಲ್ಲು ಕೆತ್ತಿದನೇ ಅಂದರೆ, ಉಳಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಗಲ ಅಂಚಿನ ಕರಿ ಟೊಪ್ಪಿ ಕೊಂಡ, ಕೆಂಪು ಶಾಲು ಕೊಂಡ, ಗಡ್ಡ ಬಿಟ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನಮ್ಮಣ್ಣನಿಗೆ ಜುಟ್ಟೂ ಉದುರಿಹೋಗಿತ್ತು. ಶನಿವಾರ ಬಂತೆಂದರೆ ಬೆಳಿಗ್ಗೆಯೇ ಬಣ್ಣಗಾರರ ಬೀದಿಗೆ ಇಳಿಯುತ್ತಿದ್ದ. ಯಾವ ಗ್ಯಾಲರಿಯಲ್ಲಿ ಯಾವ ಪ್ರದರ್ಶನ ಶುರುವಾದರೂ ಹಾಜರು. ಚಿತ್ರದ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, "ಹೂಂ, ಧೈರ್ಯ ಇದೆ" ಅನ್ನುತ್ತಿದ್ದ. ಎಲ್ಲ ಚಿತ್ರಕ್ಕೂ ಅದೊಂದೇ ಮಾತು. ಅಷ್ಟರಲ್ಲಿ ಕೈ ಹಿಂದಿನಿಂದ ಚೀಸಿನ ತಟ್ಟೆಯನ್ನು ತಡವುತ್ತಿತ್ತು.

ಇಷ್ಟು ತಿರುಗಿದರೂ ಆ ಬೀದಿಯಲ್ಲಿ ಒಬ್ಬರಿಗೂ ಅವನ ಹೆಸರು ಗೊತ್ತಿರಲಿಲ್ಲ. 'ಚೀಸು ತಾತ' ಅನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ನಟಿಸುತ್ತಿದ್ದ, ಅದೊಂದು ಕಲೆ ಅವನಿಗೆ ಬರುತ್ತಿತ್ತು.

ನನ್ನ ಕಿಟಕಿಯ ಎದುರಿನ ಗ್ಯಾಲರಿ ಯಾವೋರ್ ಎಂಬವನದು. ಮೂವತ್ತು ದಾಟಿದ ಗಂಡಸು, ಮೊಣಕಾಲ ಬಳಿ ಹರಿದ ಪ್ಯಾಂಟು. ಹರಿದದ್ದನ್ನೇ ಕೊಂಡದ್ದು. ಅವನಿಗೊಂದು ಹೊಸ ಯೋಚನೆ ಬಂತು. ನಮ್ಮಲ್ಲಿ ಯಾರಾದರೂ ಸತ್ತರೆ ಫೋಟೋ ಹಾಕಿ ಸಾವಿನ ಕಾಗದ ಅಚ್ಚು ಮಾಡಿಸಿ ಬಾಗಿಲಿಗೆ, ಕಂಬಕ್ಕೆ, ಟ್ರಾಮ್ ನಿಲ್ದಾಣಕ್ಕೆ ಅಂಟಿಸುತ್ತೇವೆ. ನಲವತ್ತನೆಯ ದಿನಕ್ಕೊಂದು, ವರ್ಷಕ್ಕೊಂದು, ಹತ್ತು ವರ್ಷ ಕಳೆದರೂ ಒಂದು. ಪೇಪರ್ ಓದದವರೂ ಅದನ್ನು ನಿಂತು ಓದುತ್ತಾರೆ. ಯಾವೋರನಿಗೆ ಅಂಥದೊಂದು ಕಾಗದವನ್ನು ಹೆಸರಿಲ್ಲದೆ, ಬರೀ ಮುಖ ಹಾಕಿ ಊರೆಲ್ಲ ಅಂಟಿಸಬೇಕಾಗಿತ್ತು. ಕೆಳಗೆ 'ನಿನ್ನನ್ನು ಮರೆಯಲಾರೆವು' ಎಂಬ ಸಾಲು. ಕೊನೆಗೆ ಬೀದಿಯಲ್ಲಿ ಮೇಜು ಹಾಕಿ, ಸತ್ತವರ ಹೆಸರಲ್ಲಿ ಹಂಚುವ ಹಾಗೆ, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಹಾದುಹೋಗುವವರಿಗೆಲ್ಲ ಕೊಡುವುದು. ಇದು ಕಲೆಯಂತೆ.

ಮುಖಕ್ಕಾಗಿ ಅವನು ಅಣ್ಣನನ್ನು ಹಿಡಿದ. "ನಿಮ್ಮದು ಎಂಥ ಮುಖ ಅಂದ್ರೆ, ನೂರು ಸಲ ನೋಡಿದ್ರೂ ನೆನಪಲ್ಲಿ ನಿಲ್ಲಲ್ಲ. ಇಂಥ ಮುಖ ಹುಡುಕಿದ್ರೂ ಸಿಗಲ್ಲ ತಾತ" ಅಂದನಂತೆ. ಅಣ್ಣ ಇದನ್ನು ನನಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಹೊಗಳಿಕೆ ಎಂದುಕೊಂಡಿದ್ದ.

"ಹುಚ್ಚೇನಣ್ಣ ನಿಂಗೆ? ಬದುಕಿರೋನ ಮೂತೀನ ಸಾವಿನ ಕಾಗದದ ಮೇಲೆ ಹಾಕ್ತಾರಾ?" ಅಂದೆ.

"ನಿಂಗೆ ಅರ್ಥ ಆಗಲ್ಲ ಬಿಡು. ಕಲೆ ಕಣೇ ಅದು."

"ಕಲೆ ಅಲ್ಲ, ಕರ್ಮ."

ಯಾವೋರ್ ಗೋಧಿ ಬೇಯಿಸಿಕೊಡಿ ಎಂದು ನನ್ನ ಬಳಿಯೂ ಬಂದ, ಹರಿದ ಮೊಣಕಾಲನ್ನು ಕಲ್ಲಿಗೆ ಊರಿ. ಬದುಕಿರುವವನಿಗೆ ಗೋಧಿ ಬೇಯಿಸುವ ಕೈ ನನ್ನದಲ್ಲ ಎಂದು ಕಿಟಕಿ ಎಳೆದುಕೊಂಡೆ.

ಆ ಶನಿವಾರ ಬೆಳಿಗ್ಗೆ ಅಣ್ಣ ಬಂದ. ಗಡ್ಡ ಒಪ್ಪ ಮಾಡಿಸಿದ್ದ, ಸುಗಂಧ ಹಾಕಿಕೊಂಡಿದ್ದ. "ಗಿನ್ಕಾ, ಅಂಗಡಿ ಮುಚ್ಚು. ಇವತ್ತೊಂದು ದಿನ ನನ್ನ ಜೊತೆ ಬಾ. ಬೀದಿ ತುಂಬಾ ನಾನೇ ಇದೀನಿ."

"ನೋಡಿದೀನಿ. ಮುನ್ಸಿಪಾಲ್ಟಿ ಕಸದ ಡಬ್ಬದ ಮೇಲೂ ಇದೀಯ."

"ನಗು, ನಗು. ಸಂಜೆ ಒಳಗೆ ಒಬ್ರಾದ್ರೂ ನಿಂತು, ಅರೆ, ಇದು ಮೆತೋದಿ ಅಲ್ವಾ ಅಂತಾರೆ ನೋಡ್ತಿರು. ಹೆಸರು ಹಾಕಿಲ್ಲ, ಬರೀ ಮುಖ. ಮುಖ ನೋಡಿ ಗುರುತು ಹಿಡೀತಾರೆ. ಒಬ್ರು ಸಾಕು ನಂಗೆ."

ಒಬ್ಬರು ಸಾಕು ಅನ್ನುವಾಗ ಅವನ ದನಿ ತೆಳ್ಳಗಾಯಿತು. ಅಷ್ಟಕ್ಕೇ ನಾನು ಅಂಗಡಿ ಮುಚ್ಚಿದೆ. ಇಲ್ಲದಿದ್ದರೆ ಇಂಥ ಮೂರ್ಖನ ಜೊತೆ ಯಾರು ಅಲೆಯುತ್ತಾರೆ?

ಮೊದಲು ಕಾಫಿ. ಕಾಫಿಯನ್ನು ಕಪ್ಪಿನಲ್ಲಿ ಕೊಡುವುದು ಆ ಬೀದಿಯಲ್ಲಿ ಹಳ್ಳಿಗಮಾರತನ. ಔಷಧಿ ಕಾಯಿಸುವಂಥ ಗಾಜಿನ ಬುರುಡೆಯಲ್ಲಿ ತಂದಿಟ್ಟರು. ಬಾಗಿಲ ಗಾಜಿಗೆ ಅಣ್ಣನ ಕಾಗದ ಅಂಟಿಸಿತ್ತು. ಅಣ್ಣ ಸರಿಯಾಗಿ ಅದರ ಕೆಳಗಿನ ಕುರ್ಚಿಯನ್ನೇ ಆರಿಸಿಕೊಂಡು, ಫೋಟೋದಲ್ಲಿದ್ದಂತೆಯೇ ಗದ್ದ ಎತ್ತಿ, ತಲೆ ವಾಲಿಸಿ ಕೂತ. ಇಬ್ಬರು ಹುಡುಗಿಯರು ಬಂದರು. ಕಾಗದ ನೋಡಿದರು, ಅಣ್ಣನನ್ನು ನೋಡಿದರು. ಅಣ್ಣ ಉಸಿರು ಹಿಡಿದ.

"ಅಂಕಲ್, ಸ್ವಲ್ಪ ಆ ಕಡೆ ಸರೀತೀರಾ? ಪೋಸ್ಟರ್ ಫೋಟೋ ತೆಗೀಬೇಕು. ನೀವು ಅಡ್ಡ ಬರ್ತಿದೀರ" ಅಂದಳು ಒಬ್ಬಳು.

ಅಣ್ಣ ಸರಿದ. ನಾನು ನಗುವನ್ನು ಕಾಫಿಯ ಜೊತೆ ನುಂಗಿ ಕೆಮ್ಮಿದೆ.

ಅಲ್ಲಿಂದ ಕಂಬಳಿ ಅಂಗಡಿ. ನಮ್ಮಮ್ಮ ಬಾಲ್ಕನಿಯಲ್ಲಿ ನೇತುಹಾಕಿ ಕೋಲಿನಿಂದ ಬಡಿಯುತ್ತಿದ್ದಂಥ ಕಂಬಳಿಗೆ ಇಲ್ಲಿ ಮೇಲಿನಿಂದ ದೀಪ ಬಿಟ್ಟು, ಮುಟ್ಟಬೇಡಿ ಎಂದು ಹಗ್ಗ ಕಟ್ಟಿದ್ದರು. ಅಣ್ಣ ಒಂದು ಕಣ್ಣು ಮುಚ್ಚಿ "ಧೈರ್ಯ ಇದೆ" ಅಂದ. "ಧೂಳಿದೆ" ಅಂದೆ ನಾನು. ಮುಂದಿನ ಅಂಗಳದಲ್ಲಿ ಒಬ್ಬ ಹೆಂಗಸು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು, ಮೊಳೆಗೆ ಏನನ್ನೂ ತೂಗುಹಾಕದೆ. ಸುತ್ತ ಜನ ನಿಂತು ಗಂಭೀರವಾಗಿ ನೋಡುತ್ತಿದ್ದರು. ನಮ್ಮ ಹಳೆಯ ಬೀಗದವನು ಬದುಕಿದ್ದರೆ ಸುತ್ತಿಗೆ ಕಸಿದುಕೊಂಡು ಎಲ್ಲರನ್ನೂ ಮನೆಗೆ ಅಟ್ಟುತ್ತಿದ್ದ. ನನಗೆ ಆ ಜನರ ಮೇಲೆ ಸಿಟ್ಟೇ ಬಂತು. ನೋಡಲು ಕಣ್ಣು ಕೊಟ್ಟಿದ್ದಾನೆ ದೇವರು, ಇವರಿಗೆ ಯಾಕೆ ಕೊಟ್ಟನೋ.

ಮೂಲೆಯ ಕಂಬದ ಹತ್ತಿರ ಒಬ್ಬ ಮುದುಕ ಸಾವಿನ ಕಾಗದಗಳನ್ನು ಒಂದೊಂದಾಗಿ ಓದುತ್ತಿದ್ದ, ಎಲ್ಲ ಮುದುಕರೂ ಓದುವ ಹಾಗೆ, ತನಗಿಂತ ಚಿಕ್ಕವರು ಎಷ್ಟು ಜನ ಹೋದರೆಂದು ಲೆಕ್ಕ ಹಾಕುತ್ತ. ಅಣ್ಣನ ಕಾಗದದ ಮುಂದೆ ನಿಂತ.

"ಹೆಸರೇ ಇಲ್ವಲ್ಲ. ಪಾಪ, ಮನೆಯವ್ರು ಮರ್ತಿರ್ಬೇಕು" ಅಂದ. ಆಮೇಲೆ ಪಕ್ಕದಲ್ಲಿ ಗದ್ದ ಎತ್ತಿ ನಿಂತಿದ್ದ ಅಣ್ಣನ ಕಡೆ ತಿರುಗಿದ. "ನಿಮಗೆ ಗೊತ್ತಿದ್ರಾ ಇವ್ರು?"

"ಸ್ವಲ್ಪ" ಅಂದ ಅಣ್ಣ.

"ಏನ್ ಮಾಡ್ತಿದ್ರು?"

"ಕಲಾವಿದರು."

"ಹಾಗಾದ್ರೆ ಕುಡಿದೇ ಹೋಗಿರ್ತಾರೆ. ದೇವರು ಕ್ಷಮಿಸಲಿ." ಮುದುಕ ಮುಂದಿನ ಕಂಬಕ್ಕೆ ಹೋದ.

ಆಗಲಾದರೂ ಇವನು ಮನೆಗೆ ಹೊರಡಬಹುದಿತ್ತು. ಇಲ್ಲ. ಮಧ್ಯಾಹ್ನದವರೆಗೂ ಒಂದೊಂದು ಕಾಗದದ ಪಕ್ಕದಲ್ಲೂ ನಿಂತ. ಟೊಪ್ಪಿ ಹಾಕಿಕೊಂಡು ನಿಂತ, ತೆಗೆದು ನಿಂತ. ಒಂದು ಕಡೆ ಜನ ಬರುವುದನ್ನು ನೋಡಿ ಕೆಮ್ಮಿಯೂ ನೋಡಿದ. ಅವನ ಗದ್ದ ಮಾತ್ರ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ ಬಂತು. ನನಗೆ ಅವನನ್ನು ಆಡಿಕೊಳ್ಳುವ ರುಚಿಯೂ ಕಡಿಮೆಯಾಗತೊಡಗಿತು, ಅದಕ್ಕೂ ಅವನ ಮೇಲೆಯೇ ಕೋಪ ಬಂತು.

ನಾವು ತಿರುಗಿ ಬರುವ ಹೊತ್ತಿಗೆ ನನ್ನ ಕಿಟಕಿಯ ಮುಂದೆಯೇ ಯಾವೋರ್ ಮೇಜು ಹಾಕಿದ್ದ. ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಅಣ್ಣ. ಪ್ಲಾಸ್ಟಿಕ್ ಲೋಟದಲ್ಲಿ ಗೋಧಿ. ಕಲಾರಸಿಕರು ಲೋಟ ಹಿಡಿದು ಫೋಟೋ ತೆಗೆದುಕೊಂಡು, ತಿನ್ನದೆ, ಮೇಜಿನ ಕೆಳಗೆ ಇಟ್ಟು ಹೋಗುತ್ತಿದ್ದರು. ಆದರೆ ಮಾರುಕಟ್ಟೆಯಿಂದ ಮನೆಗೆ ಹೊರಟ ಅಜ್ಜಿಯರು ಕಲೆ ಗಿಲೆ ಏನೂ ತಿಳಿಯದೆ, ಸತ್ತವರ ಗೋಧಿ ಬೇಡ ಅನ್ನಬಾರದೆಂದು ತೆಗೆದುಕೊಂಡು, ಶಿಲುಬೆಯ ಗುರುತು ಮಾಡಿ, ನಿಷ್ಠೆಯಿಂದ ಅಗಿಯುತ್ತಿದ್ದರು. ಯಾವೋರ್ ಗೋಧಿಯನ್ನು ನೀರಲ್ಲಿ ನೆನೆಹಾಕಿರಲಿಲ್ಲ. ಬೆಂದಿರಲೂ ಇಲ್ಲ.

"ಅಯ್ಯೋ ಕಲ್ಲಿದ್ದಂಗಿದೆ. ಈಯಪ್ಪಂಗೆ ಹೆಂಡ್ತಿ ಇರ್ಲಿಲ್ವೇನೋ" ಅಂದಳು ಒಬ್ಬ ಅಜ್ಜಿ.

"ಇದ್ಳೇನೋ. ಅದಕ್ಕೇ ಬೇಯಿಸಿಲ್ಲ" ಅಂದಳು ಜೊತೆಯವಳು.

"ಮುಖ ನೋಡು. ಒಂದು ದಿನವೂ ಕೆಲಸ ಮಾಡಿದ ಮುಖ ಅಲ್ಲ."

"ಶ್, ಸತ್ತಿದಾರೆ. ದೇವರು ಕ್ಷಮಿಸಲಿ."

ಅಣ್ಣ ಅವರಿಬ್ಬರ ಬೆನ್ನ ಹಿಂದೆಯೇ ಇದ್ದ. ನಾನು ಅವನ ತೋಳು ಹಿಡಿದು "ನಡಿಯಣ್ಣ, ಮನೆಗೆ ಹೋಗೋಣ" ಅಂದೆ. ಅವನು ಅಲ್ಲಾಡಲಿಲ್ಲ.

ಆಗ ರಾಯ್ಕೋ ಬಂದ. ಡಿಪೋದಲ್ಲಿ ಟ್ರಾಮ್ ಓಡಿಸುತ್ತಿದ್ದವನು, ಊಟದ ಹೊತ್ತಿನಲ್ಲಿ ಬದುಕಿಡೀ ಅಣ್ಣನ ಜೊತೆ ಒಂದೇ ಮೇಜಿನಲ್ಲಿ ಕೂತವನು. ನಿವೃತ್ತರಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಇಸ್ತ್ರಿ ಮಾಡಿದ ಕರಿ ಕೋಟು, ಕೈಯಲ್ಲಿ ಎರಡು ಕಾರ್ನೇಷನ್ ಹೂ. ನಮ್ಮಲ್ಲಿ ಜೋಡಿ ಹೂ ತೆಗೆದುಕೊಂಡು ಹೋಗುವುದು ಸತ್ತವರಿಗೆ ಮಾತ್ರ. ಹಿಂದಿನ ದಿನ ಅವನ ಹೆಂಡತಿ ಉಪ್ಪಿನಕಾಯಿಗೆ ಕೋಸು ಕೊಳ್ಳಲು ಬಂದವಳು ಟ್ರಾಮ್ ನಿಲ್ದಾಣದಲ್ಲಿ ಕಾಗದ ನೋಡಿದ್ದಳಂತೆ.

ಅಣ್ಣನ ಬೆರಳುಗಳು ನನ್ನ ತೋಳಿನಲ್ಲಿ ಹೂತುಹೋದವು. "ನೋಡಿದ್ಯಾ? ನೋಡಿದ್ಯಾ ಗಿನ್ಕಾ?" ಕೂಗಿ ಕರೆಯಲು ಬಾಯಿ ತೆರೆದವನು ತಟ್ಟನೆ ಮುಚ್ಚಿಕೊಂಡು ಒಬ್ಬ ದಪ್ಪ ಮನುಷ್ಯನ ಹಿಂದೆ ಸರಿದ. ತನ್ನ ಬಗ್ಗೆ ಏನನ್ನುತ್ತಾನೋ ಕೇಳುವ ಆಸೆ. ಅದು ಯಾರಿಗಿರುವುದಿಲ್ಲ?

ರಾಯ್ಕೋ ಟೊಪ್ಪಿ ತೆಗೆದು ದೊಡ್ಡ ಮುಖದ ಮುಂದೆ ನಿಂತ. ಯಾವೋರನಿಗೆ ಹಬ್ಬ. ಫೋನು ಹಿಡಿದು ಓಡಿಬಂದ. "ಸಾರ್, ಇವ್ರು ನಿಮಗೆ ಗೊತ್ತಾ?"

"ಗೊತ್ತಿಲ್ದೆ? ಮೆತೋದಿ ಇವ್ನು."

ಅಣ್ಣನ ಹೆಸರು ಆ ಬೀದಿಯಲ್ಲಿ ಮೊದಲ ಸಲ ಗಟ್ಟಿಯಾಗಿ ಕೇಳಿಸಿತು. ದಪ್ಪ ಮನುಷ್ಯನ ಹಿಂದೆ ಅವನ ಗದ್ದ ಮತ್ತೆ ಮೇಲೆದ್ದಿತು. ಹೇಳಿದ್ದು ಸುಳ್ಳಾಗಲಿಲ್ಲ, ಒಬ್ಬ ಬಂದಿದ್ದ. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

"ಅವ್ರ ಬಗ್ಗೆ ಒಂದು ಮಾತು ಹೇಳಿ ಸಾರ್. ಎಂಥ ಮನುಷ್ಯ ಆಗಿದ್ರು?"

ರಾಯ್ಕೋ ಯೋಚಿಸಿದ. ಅಜ್ಜಿ ಎಚ್ಚರಿಸಿದಳು: "ಸತ್ತವ್ರ ಬಗ್ಗೆ ಒಳ್ಳೇದು ಹೇಳ್ಬೇಕಪ್ಪ. ಇಲ್ದಿದ್ರೆ ಸುಮ್ನಿರ್ಬೇಕು."

"ಗೊತ್ತಮ್ಮ. ಅದಕ್ಕೇ ಯೋಚಿಸ್ತಿದೀನಿ."

ಅವನ ಕೈಗೆ ಗೋಧಿಯ ಲೋಟ ಬಂತು. ಒಂದು ಚಮಚ ಬಾಯಿಗೆ ಹಾಕಿಕೊಂಡು ಅಗಿದ. ಗೋಡೆಯ ಮೇಲಿದ್ದ ಅಣ್ಣನ ಮುಖ ನೋಡಿದ, ನೆಲ ನೋಡಿದ. ಏನೋ ಹೊಳೆದಂತೆ ಬಾಯಿ ತೆರೆದ, ತಲೆಯಾಡಿಸಿ ಮುಚ್ಚಿದ. ಸುತ್ತ ಎಲ್ಲರೂ ಕಾದರು, ಕೊನೆಗೆ ಯಾವೋರನ ಕೈಯೂ ಸೋತು ಫೋನು ಕೆಳಗಿಳಿಯಿತು. ರಾಯ್ಕೋ ಗೋಧಿ ನುಂಗಿದ.

"ದೇವರು ಕ್ಷಮಿಸಲಿ" ಅಂದ.

"ಅಷ್ಟೇನಾ ಸಾರ್?"

"ಅಷ್ಟೇ."

ಅವನು ಬಗ್ಗಿ ಹೂವಿಡುತ್ತಿದ್ದಾಗ ಅಣ್ಣ ಮುಂದೆ ಬಂದ. "ರಾಯ್ಕೋ" ಅಂದ.

ರಾಯ್ಕೋ ತಿರುಗಿದ. ಅಜ್ಜಿಯರಲ್ಲೊಬ್ಬಳು ಕಿಟಾರನೆ ಕಿರುಚಿ ಬಾಯಲ್ಲಿದ್ದ ಗೋಧಿಯನ್ನೆಲ್ಲ ಉಗಿದಳು. ರಾಯ್ಕೋನ ಮುಖ ಮೊದಲು ಬಿಳಿಚಿ ಆಮೇಲೆ ಬೀಟ್‌ರೂಟಿನ ಹಾಗೆ ಕೆಂಪಾಯಿತು.

"ಥೂ ನಿನ್ನ ಜನ್ಮಕ್ಕಿಷ್ಟು! ಬದುಕಿದೀಯೇನೋ? ನಾಚಿಕೆ ಗೀಚಿಕೆ ಏನಾದ್ರೂ ಇದೆಯೇನೋ? ನನ್ ಹೆಂಡ್ತಿ ನಿನ್ನೆಯಿಂದ ದೇವರ ಮುಂದೆ ಮೇಣದಬತ್ತಿ ಹಚ್ಕೊಂಡು ಕೂತಿದಾಳೆ ಕಣೋ ನಿನ್ ಹೆಸ್ರಲ್ಲಿ! ನಂಗೆ ಊಟ ಸೇರ್ಲಿಲ್ಲ! ಈ ಕೋಟು ಇಸ್ತ್ರಿ ಮಾಡ್ಸಿದೀನಿ! ಟೊಪ್ಪಿ ಬೇರೆ ಹಾಕ್ಕೊಂಡು ಬಂದಿದಾನೆ ನೋಡಿ, ಸರ್ಕಸ್ಸಿನ ಕರಡಿ!"

ಯಾವೋರ್ ಮತ್ತೆ ಫೋನು ಎತ್ತಿದ. ರಾಯ್ಕೋ ಅದನ್ನೊಂದು ಏಟಿಗೆ ಗೋಧಿಯ ಪಾತ್ರೆಗೆ ಬೀಳಿಸಿದ. ಆ ದಿನ ನನಗೆ ಹಿತವಾದ ಕೆಲಸ ಅದೊಂದೇ.

ಅಣ್ಣ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದ. ರಾಯ್ಕೋನ ಉಸಿರು ತೀರಿದ ಮೇಲೆ ಮೆಲ್ಲಗೆ ಅಂದ: "ಒಂದಾದ್ರೂ ಹೇಳ್ಬಹುದಿತ್ತು."

"ಏನು?"

"ಒಳ್ಳೇದು. ಒಂದು."

ರಾಯ್ಕೋನ ಸಿಟ್ಟು ಇಳಿದುಹೋಯಿತು. ಮೂಗು ಒರೆಸಿಕೊಂಡ. "ಕ್ನ್ಯಾಝೆವೋದಿಂದ ಟ್ರಾಮಲ್ಲಿ ಬರ್ತಾ ದಾರಿ ಉದ್ದಕ್ಕೂ ಅದನ್ನೇ ಹುಡುಕ್ದೆ ಕಣೋ, ದೇವ್ರಾಣೆ. ನೀನೇನು ಕೆಟ್ಟವನಲ್ಲ ಬಿಡು" ಅಂದ. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಸೇರಿಸಿದ: "ಕೆಟ್ಟದ್ದೂ ಏನೂ ಸಿಗ್ಲಿಲ್ಲ."

ಆಮೇಲೆ ನೆಲದಿಂದ ಹೂ ಎತ್ತಿಕೊಂಡ. ಒಂದನ್ನು ಕಸದ ಡಬ್ಬಕ್ಕೆ ಹಾಕಿದ. ಉಳಿದ ಒಂಟಿ ಹೂವನ್ನು ಅಣ್ಣನಿಗೆ ಕೊಡುತ್ತಾನೇನೋ ಎಂದು ನಾನು ನೋಡಿದೆ. ಹೆಂಡತಿಗೆಂದು ಕೋಟಿನ ಒಳಗಿಟ್ಟುಕೊಂಡು ಟ್ರಾಮ್ ನಿಲ್ದಾಣದ ಕಡೆ ಹೋದ.

ಜನ ಚದುರಿದರು. ಯಾವೋರ್ ಮುಖ ಸಿಂಡರಿಸಿಕೊಂಡು ಫೋನಿನ ಸಂದಿಯಿಂದ ಗೋಧಿ ಕೆರೆಯುತ್ತಿದ್ದ. ಕಲಾರಸಿಕರೆಲ್ಲ ಮೊಳೆ ಹೊಡೆಯುವವಳ ಅಂಗಳಕ್ಕೆ ಹೋದರು. ನಾನೂ ಅಣ್ಣನೂ ನನ್ನ ಅಂಗಡಿಯಿರುವ ಮನೆಯ ಮೆಟ್ಟಿಲ ಮೇಲೆ ಕೂತೆವು. ಅವನು ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಗಿನ್ಕಾ, ನೀನಾದ್ರೂ ಹೇಳೇ" ಅಂದ ಕೊನೆಗೆ. "ನೀನು ನನ್ನ ತಂಗಿ. ಒಂದು ಹೇಳು."

ಅವನನ್ನು ಹಳಿಯಲು ನನಗೆ ಒಂದು ದಿನವೂ ಮಾತಿನ ಬರ ಬಂದದ್ದಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸರಾಗವಾಗಿ ಹಳಿದೇನು. ಈಗ ಹುಡುಕಿದೆ. ಅಪ್ಪನ ಒಲೆಗಳ ನಡುವೆ ಹುಡುಕಿದೆ, ಅಮ್ಮ ಹಾಸಿಗೆ ಹಿಡಿದಿದ್ದ ಆ ಚಳಿಗಾಲದಲ್ಲಿ ಹುಡುಕಿದೆ, ನನ್ನ ಮದುವೆಯಲ್ಲಿ, ನನ್ನ ಗಂಡನನ್ನು ಮಣ್ಣು ಮಾಡಿದ ದಿನದಲ್ಲಿ ಹುಡುಕಿದೆ. ಎಲ್ಲ ಕಡೆಯೂ ಅವನಿದ್ದ, ಗೋಡೆಗೆ ಒರಗಿಕೊಂಡು. ಏನಾದರೂ ಮಾಡಿದ್ದು, ಏನಾದರೂ ಅಂದದ್ದು, ಒಂದೂ ಕೈಗೆ ಸಿಗಲಿಲ್ಲ. ಸುಳ್ಳಾದರೂ ಹೇಳೋಣವೆಂದರೆ, ಸುಳ್ಳಿಗೂ ಒಂದು ಚೂರು ನಿಜ ಬೇಕಲ್ಲ.

"ನೀನಿನ್ನೂ ಸತ್ತಿಲ್ವಲ್ಲಣ್ಣ" ಅಂದೆ. "ಈಗ್ಲೇ ಏನವಸರ? ಸತ್ತಾಗ ಹೇಳ್ತೀನಿ ಬಿಡು."

"ಸತ್ತ ಮೇಲೆ ನಂಗೆ ಕೇಳ್ಸಲ್ವಲ್ಲೇ" ಅಂದ ಅಣ್ಣ, ಮತ್ತು ನನ್ನ ಬಾಯನ್ನೇ ನೋಡುತ್ತ ಕೂತ.